ಹಿಮದ ಮೇಲೊಂದು ಮುಂಗಡ

ನನ್ನ ಅಕ್ಕನ ಮಗನು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಿ ಎರಡು ವರ್ಷಗಳಾಗುತ್ತ ಬಂದುವು. ಹೋದ ವರ್ಷದ ಮಾರ್ಚಿ ತಿಂಗಳ ಒಂದು ರಾತ್ರಿ ಅವನು ಫೋನು ಮಾಡಿ, "ಮಾವಾ, ನೀವು ಅಪ್ಪನಿಗೆ ಒಂದು ಮಾತು ಹೇಳಬೇಕು" ಎಂದನು. ಸಂಗತಿ ಇಷ್ಟೆ. ಬರುವ ಚಳಿಗಾಲಕ್ಕೆ ಸ್ಕೀ ಆಟದ ಋತುಪಾಸನ್ನು ಈಗಲೇ ಕೊಳ್ಳಬೇಕೆಂದು ಅವನ ಆಸೆ. "ತೋಟ ಅಡವಿಟ್ಟು ಓದಲು ಕಳುಹಿಸಿದ್ದು ಗುಡ್ಡದಿಂದ ಜಾರುವುದಕ್ಕೋ?" ಎಂದು ಭಾವನವರು ಕೇಳಿದ್ದರು. ಅಂದಿನಿಂದ ತಂದೆ ಮಕ್ಕಳಲ್ಲಿ ಮಾತಿರಲಿಲ್ಲ. ಅಕ್ಕನ ಕಣ್ಣೀರು ಮಾತ್ರ ನಮ್ಮ ಮನೆಯವರೆಗೂ ಬಂದಿತ್ತು.

ಕಾಸರಗೋಡಿನ ಸೆಕೆಯಲ್ಲಿ ಕುಳಿತ ನಮಗೆ ಈ ಆಟದ ಪರಿಚಯವೆಲ್ಲಿಯದು? ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು; ಮತ್ತೆ ಮೇಲಕ್ಕೆ ಹೋಗಲು ಹಗ್ಗದಿಂದ ತೂಗುವ ಆಸನಗಳಿರುತ್ತವೆ. ಪಾಸೆಂಬುದು ಆ ಆಸನವೇರುವ ಹಕ್ಕು. ನಮ್ಮ ಯಕ್ಷಗಾನ ಮೇಳಗಳ ತಿರುಗಾಟದಂತೆ ಈ ಆಟಕ್ಕೂ ಒಂದು ಋತುವಿದೆ; ಸುಮಾರಾಗಿ ನವೆಂಬರಿನ ನಡುವಿನಿಂದ ಏಪ್ರಿಲಿನವರೆಗೆ. ಸಾಲ್ಟ್ ಲೇಕ್ ಸಿಟಿಯವರಿಗಂತೂ ಗುಡ್ಡವು ಮನೆಯ ಹಿತ್ತಿಲಿನಂತೆ ಹತ್ತಿರ. ಅಲ್ಲಿಯ ಆಲ್ಟಾ ಎಂಬ ಹಳೆಯ ತಾಣದಲ್ಲಿ 2022–23ರ ಋತುವೊಂದರಲ್ಲೇ 903 ಅಂಗುಲ, ಎಂದರೆ 75 ಅಡಿಗೂ ಮಿಗಿಲಾಗಿ ಹಿಮ ಬಿದ್ದಿತು. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದುದೂ ಆ ಊರಿನಲ್ಲಿಯೇ.

ಹುಡುಗನ ಆಸೆಯ ಮೂಲವನ್ನು ನಾನು ಕೇಳಿ ತಿಳಿದೆನು. ಮೊದಲ ವರ್ಷದ ಡಿಸೆಂಬರಿನಲ್ಲಿ ವಸತಿಗೃಹದವರೆಲ್ಲ ತಂತಮ್ಮ ಊರಿಗೆ ಹೋದರು. ಇವನೊಬ್ಬನೇ ಮೂರು ವಾರ ಅನ್ನ ಬೇಯಿಸಿಕೊಂಡು, ಸಂಜೆ ಐದರ ಹೊತ್ತಿಗೇ ಕವಿಯತೊಡಗುವ ಕತ್ತಲೆಯನ್ನು ನೋಡುತ್ತ ಕುಳಿತಿದ್ದನು. ಜನವರಿಯಲ್ಲಿ ಪ್ರಯೋಗಾಲಯದ ಗೆಳೆಯರು ಗುಡ್ಡಕ್ಕೆ ಕರೆದೊಯ್ದರು. ದಿನವಿಡೀ ಬಿದ್ದನು. "ಆದರೆ ಮಾವಾ, ಅಲ್ಲಿಗೆ ಹೋದ ಮೇಲೆ ಮೊದಲ ಬಾರಿ ಹೊಟ್ಟೆ ತುಂಬ ನಕ್ಕದ್ದು ಅಂದೇ" ಎಂದನು. ಈ ಮಾತನ್ನು ಅವನು ತಂದೆಯೊಡನೆ ಹೇಳಿರಲಿಲ್ಲ. ಹಣದ ಮೊತ್ತವನ್ನಷ್ಟೇ ಹೇಳಿದ್ದನು.

ಆ ಬಳಿಕ ನಾವಿಬ್ಬರೂ ಲೆಕ್ಕಕ್ಕೆ ಕುಳಿತೆವು.

ಅಲ್ಲಿ ಎರಡು ದೊಡ್ಡ ಪಾಸುಗಳಿವೆ. ವೇಲ್ ರಿಸಾರ್ಟ್ಸ್ ಕಂಪೆನಿಯ ಎಪಿಕ್ ಪಾಸು 2008ರಲ್ಲಿ 579 ಡಾಲರಿಗೆ ಆರಂಭವಾಯಿತು. 2025–26ರ ಋತುವಿಗೆ ಅದರ ಮೊದಲ ಬೆಲೆಯೇ 1,051 ಡಾಲರು. 2018ರಲ್ಲಿ ಆಲ್ಟೆರಾ ಕಂಪೆನಿಯು ಹೊರತಂದ ಐಕಾನ್ ಪಾಸಿಗೆ ಆ ಋತುವಿನಲ್ಲಿ 1,329 ಡಾಲರು ಇತ್ತು. ಇವಕ್ಕಿಂತ ಅಗ್ಗದ, ನಿರ್ಬಂಧವುಳ್ಳ ಬಗೆಗಳೂ ಇವೆ. ಪೂರ್ಣಕಾಲದ ವಿದ್ಯಾರ್ಥಿಯೆಂದು ಪುರಾವೆ ಒದಗಿಸಿದವರಿಗೆ ರಿಯಾಯಿತಿಯೂ ಉಂಟು. ಆದರೆ ಪಾಸಿಲ್ಲದೆ ಅಂದಿನಂದಿಗೆ ಚೀಟಿ ಕೊಳ್ಳಹೋದರೆ ವೇಲಿನಂಥ ತಾಣದಲ್ಲಿ ಹಬ್ಬದ ದಿನಗಳ ಬೆಲೆ 300 ಡಾಲರನ್ನೂ ದಾಟಿದೆ. ನಾಲ್ಕು ದಿನ ಆಡಿದರೆ ಪಾಸಿನ ಹಣ ಹುಟ್ಟಿತೆಂಬ ಭ್ರಮೆ ಮೂಡುವುದು ಇಲ್ಲಿಯೇ.

ಬೆಲೆಯ ಈ ಅಂತರ ಬೇಕೆಂದೇ ಇಟ್ಟದ್ದು. ಹಿಮ ಬೀಳುವ ಮೊದಲೇ ಹಣ ಕೈಸೇರಿದರೆ, ಆಮೇಲೆ ಹಿಮ ಕಡಿಮೆಯಾದರೂ ಕಂಪೆನಿಗೆ ಅಷ್ಟಾಗಿ ನಷ್ಟ ತಟ್ಟದು. ನಮ್ಮಲ್ಲಿ ಅಡಕೆಯನ್ನು ಮರದಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟು ಮುಂಗಡ ಪಡೆಯುವುದಿಲ್ಲವೆ? ಅದೇ ನ್ಯಾಯ. ಆದಕಾರಣ ವಸಂತದಲ್ಲಿ ಬೆಲೆ ಅಗ್ಗ. ತಿಂಗಳು ಕಳೆದಂತೆ ಏರುತ್ತದೆ. ಡಿಸೆಂಬರಿನಲ್ಲಿ ಮಾರಾಟವೇ ನಿಲ್ಲುತ್ತದೆ. ಬೇಗ ಕೊಳ್ಳುವವನಿಗೆ ಲಾಭವಿರುವುದು ನಿಜ. ಆದರೆ ಬರುವ ಚಳಿಗಾಲದಲ್ಲಿ ತನ್ನ ಬದುಕು ಹೇಗಿರುವುದೆಂದು ಅವನಿಗೆ ತಿಳಿದಿರಬೇಕು.

"ಎಷ್ಟು ದಿನ ಹೋಗುವೆ?" ಎಂದೆನು. "ಇಪ್ಪತ್ತು ದಿನ" ಎಂದನು. ಕ್ಯಾಲೆಂಡರನ್ನು ತೆರೆದು ಒಂದೊಂದೇ ದಿನಕ್ಕೆ ಗುರುತು ಹಾಕೆಂದೆನು. ಪರೀಕ್ಷೆಯ ವಾರಗಳು ಹೋದುವು. ಪಾಠ ಹೇಳಿಕೊಡುವ ಕೆಲಸದ ದಿನಗಳು ಹೋದುವು. ಅದು ಅವನ ಕೊನೆಯ ವರ್ಷ. ಪ್ರಬಂಧವಿದೆ, ಉದ್ಯೋಗದ ಅನ್ವೇಷಣೆಯಿದೆ. ಉಳಿದದ್ದು ಆರು ದಿನ. ಅಗ್ಗದ ಪಾಸುಗಳಿಗೆ ನಿಷಿದ್ಧ ದಿನಗಳಿರುವುದುಂಟು: ಕ್ರಿಸ್ತಜಯಂತಿಯಿಂದ ಹೊಸ ವರ್ಷದವರೆಗೆ, ಜನವರಿ ಮತ್ತು ಫೆಬ್ರವರಿಯ ಮೂರನೆಯ ಸೋಮವಾರದ ರಜೆಗಳ ಆಸುಪಾಸಿನಲ್ಲಿ. ಮನೆಗೆ ಬರಲಾಗದ ನಮ್ಮ ಮಕ್ಕಳಿಗೆ ಬಿಡುವಿರುವುದೂ, ಒಂಟಿತನ ಕಾಡುವುದೂ ಆ ದಿನಗಳಲ್ಲಿಯೇ! ಅವನ್ನು ಕಳೆದರೆ ಲೆಕ್ಕ ನಾಲ್ಕಕ್ಕೆ ಇಳಿಯಿತು.

ಪಾಸು ಕೊಂಡರೆ ಮುಗಿಯಿತೆಂದೂ ಇಲ್ಲ. ಸ್ಕೀ, ಬೂಟು, ಕೋಲು, ಶಿರಸ್ತ್ರಾಣಗಳ ಬಾಡಿಗೆ, ಬೆಚ್ಚನೆಯ ಉಡುಪು, ಹೋಗಿಬರುವ ವೆಚ್ಚ, ಆರಂಭದವನಿಗೆ ಶಿಕ್ಷಕನ ಶುಲ್ಕ, ಇವೆಲ್ಲ ಬೇರೆ. ಯಾವ ಗುಡ್ಡಕ್ಕೆ ಯಾವ ಪಾಸು ಎಂಬುದನ್ನೂ ನೋಡಬೇಕು. ಅವನ ಊರಿನ ಸಮೀಪದ ಪಾರ್ಕ್ ಸಿಟಿಯು ಎಪಿಕ್‌ಗೆ ಸೇರಿದರೆ, ಆಲ್ಟಾ, ಸ್ನೋಬರ್ಡ್, ಬ್ರೈಟನ್, ಸಾಲಿಟ್ಯೂಡ್‌ಗಳು ಐಕಾನ್ ಕಡೆಯವು. ಗೆಳೆಯರೆಲ್ಲ ಒಂದು ಗುಡ್ಡಕ್ಕೆ ಹೋಗುವಾಗ ತನ್ನ ಪಾಸು ಇನ್ನೊಂದು ಗುಡ್ಡದ್ದಾದರೆ ಏನು ಫಲ? ಎರಡು ಕಾಲನ್ನೂ ಒಂದೇ ಹಲಗೆಗೆ ಬಿಗಿಯುವ ಸ್ನೋಬೋರ್ಡಿನವರಿಗೆ ಆಲ್ಟಾದಲ್ಲಿ ಪ್ರವೇಶವೇ ಇಲ್ಲ.

ಇನ್ನು ಮೂರು ಮಾತುಗಳನ್ನು ಪರದೇಶದಲ್ಲಿ ಓದುವ ಮಕ್ಕಳು ಮರೆಯಲಾಗದು. ತಾಣದಲ್ಲಿ ಕೆಲಸಕ್ಕೆ ಸೇರಿದರೆ ಪಾಸು ಉಚಿತವೆಂದು ಅಲ್ಲಿಯ ಸಹಪಾಠಿಗಳು ಹೇಳುವರು. ಅವರಿಗೆ ಅದು ಸರಿ. ವಿದ್ಯಾರ್ಥಿ ವೀಸಾದವರು ಪಾಠದ ದಿನಗಳಲ್ಲಿ ವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆಯ ಮಿತಿಯಲ್ಲಿ ಮಾತ್ರ ದುಡಿಯಬಹುದು. ಅನುಮತಿಯಿಲ್ಲದೆ ಹೊರಗೆ ದುಡಿದರೆ ವೀಸಾಕ್ಕೇ ಕುತ್ತು. ಎರಡನೆಯದಾಗಿ, ಪಾಸು ಒಬ್ಬರ ಹೆಸರಿನದು. ಗೆಳೆಯನದನ್ನು ಕಡ ತಂದರೆ ಅದು ಉಪಕಾರವಲ್ಲ, ವಂಚನೆ. ಮೂರನೆಯದು ದೇಹದ ಮಾತು. ಈ ಆಟದಲ್ಲಿ ಮೊಣಕಾಲಿಗೆ ಪೆಟ್ಟಾಗುವುದು ಸಾಮಾನ್ಯ. ಗಾಯವಾದರೆ ಪಾಸಿನ ಹಣದಲ್ಲಿ ಒಂದಂಶವನ್ನು ಹಿಂದಿರುಗಿಸುವ ಏರ್ಪಾಡು ಕೆಲವು ಪಾಸುಗಳಲ್ಲಿದೆ. ಅದು ಆಸ್ಪತ್ರೆಯ ವೆಚ್ಚವನ್ನು ಭರಿಸದು. ವಿದ್ಯಾಲಯದ ಆರೋಗ್ಯವಿಮೆಯ ಪತ್ರವನ್ನು ತೆರೆದು, ಮೊದಲು ಕೈಯಿಂದ ತೆರಬೇಕಾದ ಮೊತ್ತವೆಷ್ಟೆಂದು ಓದಿಕೊಳ್ಳಲು ಹೇಳಿದೆನು.

ಕೊನೆಗೆ ಅವನು ಋತುಪಾಸನ್ನು ಬಿಟ್ಟು, ನಾಲ್ಕು ದಿನಗಳಿಗೆ ಮಾತ್ರ ಮುಂಗಡವಾಗಿ ಕೊಳ್ಳುವ ಪಾಸನ್ನು ಆರಿಸಿಕೊಂಡನು. ಹಣ ತನ್ನ ದುಡಿಮೆಯದೇ. ವಾರಕ್ಕೆರಡು ದಿನ ಬಿಡುವಿರುವ, ಆಟ ಬಲ್ಲ, ಬಸ್ಸಿನಲ್ಲೇ ಗುಡ್ಡ ಸೇರಬಲ್ಲ ವಿದ್ಯಾರ್ಥಿಗೆ ಪೂರ್ಣ ಪಾಸೇ ಲಾಭಕರ ಎಂಬುದರಲ್ಲಿ ಸಂದೇಹವಿಲ್ಲ. ಇವನು ಆ ವಿದ್ಯಾರ್ಥಿಯಲ್ಲ, ಅಷ್ಟೆ.

ಆದರೆ ನಾನು ಭಾವನವರಿಗೆ ಹೇಳಿದ್ದು ಈ ಲೆಕ್ಕವನ್ನಲ್ಲ. ಬರಿದಾದ ವಸತಿಗೃಹದ ಆ ಮೂರು ವಾರಗಳನ್ನು ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಸಾಲ ಮಾಡಿ ಮಕ್ಕಳನ್ನು ಕಳುಹಿಸುವ ನಾವು, ಅವರು ಕೇಳುವ ಪ್ರತಿಯೊಂದು ಡಾಲರನ್ನೂ ರೂಪಾಯಿಗೆ ಪರಿವರ್ತಿಸಿ ಬೆಚ್ಚುತ್ತೇವೆ, ಅದು ತಪ್ಪಲ್ಲ. ಆದರೆ ಕೇಳಿದ್ದರ ಹಿಂದೆ ಕೇಳದೆ ಉಳಿದದ್ದೇನೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು. ಮಕ್ಕಳೂ ಮೊತ್ತವನ್ನು ಹೇಳುವ ಮೊದಲು ಕಾರಣವನ್ನು ಹೇಳಲು ಕಲಿಯಬೇಕು.

ಈ ಜನವರಿಯಲ್ಲಿ ಹುಡುಗನು ಗುಡ್ಡದಿಂದ ಒಂದು ಭಾವಚಿತ್ರವನ್ನು ಕಳುಹಿಸಿದನು. ಅಕ್ಕನು ಅದನ್ನು ನೋಡಿ, "ಟೊಪ್ಪಿ ಸರಿಯಾಗಿ ಹಾಕಿಕೊಳ್ಳಬಾರದೆ?" ಎಂದಳಂತೆ. ಭಾವನವರು ತಾವಾಗಿಯೇ ಫೋನು ಮಾಡಿ, ಮೊದಲು ಕೇಳಿದ ಪ್ರಶ್ನೆ, "ಇಂದು ಎಷ್ಟು ಸಲ ಬಿದ್ದೆ ಮಗಾ?"