ಕೂಪನ್ ಚೀಟಿಗೆ ಕ್ಯುಐಡಿ ನಂಬರ್ ಯಾಕೆ?

ಮಾನ್ಯ ಸಂಪಾದಕರಿಗೆ,

ಖಾಸಗಿತನದ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಫೇಸ್‌ಬುಕ್, ಗೂಗಲ್‌ಗಳನ್ನು ತರಾಟೆಗೆ ತೆಗೆದುಕೊಂಡು ಸುಮ್ಮನಾಗುತ್ತವೆ. ಆ ಟೀಕೆ ತಪ್ಪೇನಲ್ಲ. ಆದರೆ ಕತಾರ್‌ನಲ್ಲಿ ದುಡಿಯುವ ಕನ್ನಡಿಗನ ಜಾತಕ ಪರರ ಕೈ ಸೇರಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಅಂಗಡಿಯ ಕೌಂಟರ್, ಲಕ್ಕಿ ಡ್ರಾ ಪೆಟ್ಟಿಗೆ, ನಮ್ಮದೇ ಸಂಘಗಳ ನೋಂದಣಿ ಫಾರಂ, ಇಷ್ಟೇ ಸಾಕು. ಅದರ ಬಗ್ಗೆ ಯಾರೂ ಬರೆಯುತ್ತಿಲ್ಲವಾದ್ದರಿಂದ ಈ ಪತ್ರ.

ದೋಹಾದ ಹೈಪರ್‌ಮಾರ್ಕೆಟ್‌ಗಳಲ್ಲಿ ಒಂದಲ್ಲ ಒಂದು ಡ್ರಾ ನಡೆಯುತ್ತಲೇ ಇರುತ್ತದೆ. ಇಷ್ಟು ರಿಯಾಲಿನ ಸಾಮಾನಿಗೆ ಒಂದು ಕೂಪನ್. ಬಹುಮಾನ ಕಾರು, ಇಲ್ಲವೇ ಚಿನ್ನ. ಬಿಲ್ ಮಾಡಿಸಿ ಈಚೆ ಬಂದರೆ ಒಂದು ಪಾರದರ್ಶಕ ಪೆಟ್ಟಿಗೆ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಚೀಟಿಯಲ್ಲಿ ಹೆಸರು, ಮೊಬೈಲ್, ಕ್ಯುಐಡಿ ನಂಬರ್ ಬರೆದು ಹಾಕಬೇಕು. ಮೇಲುಗಡೆ ಬಿದ್ದಿರುವ ಚೀಟಿಗಳ ನಂಬರುಗಳನ್ನು ಹೊರಗೆ ನಿಂತೇ ಓದಿಕೊಳ್ಳಬಹುದು. ಡ್ರಾ ಮುಗಿದ ಮೇಲೆ ಆ ರಾಶಿ ಎಲ್ಲಿಗೆ ಹೋಗುತ್ತದೆ, ಅದರಲ್ಲಿನ ವಿವರ ಎಷ್ಟು ಕಾಲ ಯಾರ ಬಳಿ ಇರುತ್ತದೆ ಎಂಬ ಬಗ್ಗೆ ನನ್ನ ಕೈಗೆ ಬಂದ ಯಾವ ಕೂಪನ್ನಿನಲ್ಲೂ ಒಂದು ಸಾಲಿರಲಿಲ್ಲ.

ಊರಿನವರಿಗೆ ಇದು ಅಷ್ಟು ದೊಡ್ಡ ವಿಷಯವಾಗಿ ಕಾಣಲಿಕ್ಕಿಲ್ಲ. ಕ್ಯುಐಡಿ ಎಂದರೆ ಇಲ್ಲಿನ ನಿವಾಸಿ ಗುರುತಿನ ಚೀಟಿ, ನಮ್ಮವರ ಬಾಯಲ್ಲಿ ಬತಾಕಾ. ಅದರ ನಂಬರಿಗೆ 11 ಅಂಕಿ. ಮೊದಲ ಅಂಕಿ ನೀವು ಹುಟ್ಟಿದ ಶತಮಾನ: 2 ಇದ್ದರೆ ಸಾವಿರದ ಒಂಬೈನೂರರ ಲೆಕ್ಕ, 3 ಇದ್ದರೆ ಎರಡು ಸಾವಿರದ ಈಚೆಯದು. ಮುಂದಿನ ಎರಡು ಅಂಕಿ ಹುಟ್ಟಿದ ವರ್ಷ, ಆಮೇಲಿನ ಮೂರು ದೇಶ. ಭಾರತೀಯರದ್ದಾದರೆ 356. ಉಳಿದ ಐದು ಮಾತ್ರ ಕ್ರಮಸಂಖ್ಯೆ. ಅಂದರೆ 284356 ಎಂದು ಶುರುವಾಗುವ ನಂಬರ್ ಬರೆದುಕೊಟ್ಟವನು 1984ರಲ್ಲಿ ಹುಟ್ಟಿದ ಭಾರತೀಯ ಎಂದು ಅಂಗಡಿಯವನು ಕೇಳಿ ತಿಳಿಯಬೇಕಾಗಿಲ್ಲ.

ಇದರ ಜೊತೆಗೆ ಪಾಯಿಂಟ್ ಕಾರ್ಡಿನ ಖರೀದಿ ಪಟ್ಟಿಯನ್ನು ಸೇರಿಸಿ ನೋಡಿ. ತಿಂಗಳಿಗೊಮ್ಮೆ ಕುಚ್ಚಲಕ್ಕಿ, ತೆಂಗಿನ ತುರಿ, ಬಂಗುಡೆ ಎಂದರೆ ಕರಾವಳಿಯವನು. ಡೈಪರ್ ಸೇರಿಕೊಂಡಿತೆಂದರೆ ಹೆಂಡತಿ ಮಕ್ಕಳು ಜೊತೆಗಿದ್ದಾರೆ. ಕತಾರ್‌ನಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಕನಿಷ್ಠ ಸಂಬಳದ ಮಿತಿ ಇದೆ. ಹಾಗಾಗಿ ಡೈಪರಿನ ಬಿಲ್ಲೇ ಸಂಬಳದ ಅಂದಾಜನ್ನೂ ಕೊಟ್ಟುಬಿಡುತ್ತದೆ. ಜೂನ್‌ನಲ್ಲಿ ಸೂಟ್‌ಕೇಸ್, ಟ್ಯಾಂಗ್, ಹಾಲಿನ ಪುಡಿ, ಆಕ್ಸ್ ಆಯಿಲ್ ಒಟ್ಟಿಗೆ ಬಿಲ್ಲಾದರೆ ಆಸಾಮಿ ಊರಿಗೆ ಹೊರಟ, ಮನೆಗೆ ಬೀಗ. ಇದನ್ನೆಲ್ಲ ಲೆಕ್ಕ ಹಾಕಲು ಮಹಾ ಬುದ್ಧಿವಂತಿಕೆ ಬೇಡ. ಲಕ್ಷಗಟ್ಟಲೆ ಬಿಲ್ಲುಗಳನ್ನು ಒಟ್ಟಿಗೆ ಜಾಲಾಡುವ ಕಂಪ್ಯೂಟರ್ ಇದ್ದರಾಯಿತು. ಗಿರಾಕಿಯ ಪ್ರೊಫೈಲ್ ಎಂದು ಕಂಪನಿಗಳು ಕರೆಯುವುದು ಇದನ್ನೇ.

ಇಂಥ ಪಟ್ಟಿಗಳು ಯಾವ ಯಾವ ಕೈಗಳಿಗೆ ಹೋಗುತ್ತವೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಕಾಣುವುದು ಪರಿಣಾಮ ಮಾತ್ರ. ನಾನು ಯಾವತ್ತೂ ಕಾಲಿಡದ ಒಂದು ಬ್ಯಾಂಕಿನಿಂದ ಸಾಲ ಬೇಕೇ ಎಂದು ಫೋನ್ ಬರುತ್ತದೆ. ಊರಿನ ಬಿಲ್ಡರ್ ಒಬ್ಬರ ಕಡೆಯ ಹುಡುಗಿ ವಾಟ್ಸಾಪಿನಲ್ಲಿ "ಅಣ್ಣಾ, ರಜೆಗೆ ಬಂದಾಗ ಸೈಟ್ ನೋಡಿಹೋಗಿ" ಎನ್ನುತ್ತಾಳೆ. ಇವೆಲ್ಲ ಬರೀ ಕಿರಿಕಿರಿ, ಬ್ಲಾಕ್ ಮಾಡಿದರಾಯಿತು. ಭಯವಾಗುವುದು ಇನ್ನೊಂದು ಬಗೆಯ ಕರೆಗೆ. ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ ಒಬ್ಬರಿಗೆ, ನಿಮ್ಮ ಬ್ಯಾಂಕ್ ಕಾರ್ಡ್ ಬ್ಲಾಕ್ ಆಗಿದೆ ಎಂದು ಫೋನ್ ಬಂತು. ಆಚೆಯವನು ಮೊದಲು ಮಾಡಿದ ಕೆಲಸ ಇವರ ಕ್ಯುಐಡಿ ನಂಬರನ್ನು ಇವರಿಗೇ ಓದಿ ಹೇಳಿದ್ದು. ನಂಬರ್ ಸರಿ ಇತ್ತು, ಇವರು ನಂಬಿದರು, ಒಟಿಪಿ ಕೊಟ್ಟರು. ಇಂಥ ಕರೆಗಳಿಗೆ ಮೋಸ ಹೋಗಬೇಡಿ ಎಂದು ಇಲ್ಲಿನ ಗೃಹ ಸಚಿವಾಲಯ ಪದೇ ಪದೇ ಎಚ್ಚರಿಸುತ್ತಿದೆ. ಆದರೆ ನಂಬರ್ ಹೊರಗೆ ಬಿದ್ದ ಜಾಗವನ್ನು ಹುಡುಕದೆ, ನಂಬಿದವನಿಗೆ ಮಾತ್ರ ಬುದ್ಧಿ ಹೇಳುತ್ತಾ ಕೂತರೆ ಏನು ಬಂತು?

ಆ ನಂಬರ್ ಎಷ್ಟು ನಾಜೂಕಿನದು ಎಂಬುದಕ್ಕೆ ಕೋವಿಡ್ ಕಾಲದ ಎಹ್ತೆರಾಜ್ ಆ್ಯಪ್ ಸಾಕ್ಷಿ. 2020ರ ಮೇ 22ರಿಂದ ಮನೆಯಿಂದ ಹೊರಬೀಳುವ ಪ್ರತಿಯೊಬ್ಬರ ಫೋನಿನಲ್ಲೂ ಅದು ಇರಲೇಬೇಕಾಯಿತು. ಇಲ್ಲದಿದ್ದರೆ 3 ವರ್ಷದವರೆಗೆ ಜೈಲು, 2 ಲಕ್ಷ ರಿಯಾಲ್‌ವರೆಗೆ ದಂಡ. ಹಸಿರು ಬಣ್ಣ ತೋರಿಸಿದರೆ ಮಾತ್ರ ಅಂಗಡಿಯೊಳಗೆ ಪ್ರವೇಶ. ಅದೇ ವಾರ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಅದರಲ್ಲಿದ್ದ ದೊಡ್ಡ ಲೋಪವನ್ನು ಬಯಲಿಗಿಟ್ಟಿತು. ಯಾರದಾದರೂ ಗುರುತಿನ ನಂಬರ್ ಹಾಕಿ ಕೇಳಿದರೆ ಸಾಕು, ಬೇರೆ ಯಾವ ಪರಿಶೀಲನೆಯೂ ಇಲ್ಲದೆ ಸರ್ವರ್ ಅವರ ವಿವರ ಕೊಡುತ್ತಿತ್ತು. ನಂಬರಿನ ವಿನ್ಯಾಸ ಮೇಲೆ ಹೇಳಿದಂತೆ ಊಹಿಸಬಹುದಾದದ್ದೇ ಆದ್ದರಿಂದ ಒಂದೊಂದಾಗಿ ಹಾಕುತ್ತಾ ಹೋದರೆ 10 ಲಕ್ಷಕ್ಕೂ ಹೆಚ್ಚು ಜನರ ಹೆಸರು, ಆರೋಗ್ಯ ಸ್ಥಿತಿ, ಕ್ವಾರಂಟೈನ್ ಜಾಗ ಎಲ್ಲ ಸಿಗುವಂತಿತ್ತು. ಎಚ್ಚರಿಸಿದ ಕೂಡಲೇ ಅಧಿಕಾರಿಗಳು ಸರಿಪಡಿಸಿದರು, ಅದನ್ನು ಒಪ್ಪಬೇಕು. ಆದರೆ 2022ರ ವಿಶ್ವಕಪ್ ಹೊತ್ತಿಗೆ ಜರ್ಮನಿ, ನಾರ್ವೆ, ಫ್ರಾನ್ಸ್‌ಗಳ ಡೇಟಾ ಸಂರಕ್ಷಣಾ ಸಂಸ್ಥೆಗಳು ತಮ್ಮ ಪ್ರಜೆಗಳಿಗೆ, ಎಹ್ತೆರಾಜ್ ಮತ್ತು ವಿಶ್ವಕಪ್ ಪ್ರವೇಶದ ಹಯ್ಯಾ ಆ್ಯಪ್ ಹಾಕಿಕೊಳ್ಳಲೇಬೇಕಾದರೆ ಬೇರೊಂದು ಫೋನ್ ಒಯ್ಯುವುದು ಒಳ್ಳೆಯದು ಎಂಬರ್ಥದ ಸಲಹೆ ಕೊಟ್ಟವು. ಒಂದು ತಿಂಗಳಿಗೆ ಪಂದ್ಯ ನೋಡಲು ಬರುವವರಿಗೆ ಎರಡನೇ ಫೋನ್. ವರ್ಷಾನುಗಟ್ಟಲೆ ಇಲ್ಲೇ ಇರುವ ನಮಗೆ ಅಂಥ ಒಂದು ಸಲಹೆಯನ್ನೂ ಯಾರೂ ಕೊಡಲಿಲ್ಲ.

ಹಾಗಂತ ಕತಾರ್‌ನಲ್ಲಿ ಕಾನೂನಿಲ್ಲ ಎಂದು ಯಾರೂ ಭಾವಿಸಬೇಡಿ. ಕೊಲ್ಲಿ ದೇಶಗಳಲ್ಲಿ ಎಲ್ಲರಿಗಿಂತ ಮೊದಲು ವೈಯಕ್ತಿಕ ಮಾಹಿತಿಗೊಂದು ಪ್ರತ್ಯೇಕ ಕಾಯ್ದೆ ಮಾಡಿದ್ದೇ ಕತಾರ್: 2016ರ 13ನೇ ಕಾಯ್ದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಕತಾರ್ ನ್ಯಾಷನಲ್ ಬ್ಯಾಂಕಿನ ಗ್ರಾಹಕರ ಮಾಹಿತಿ ಸೋರಿ ಅಂತರ್ಜಾಲಕ್ಕೆ ಬಿದ್ದಿತ್ತು. ಸೋರಿದ್ದರಲ್ಲಿ ಬ್ಯಾಂಕಿನ ದಾಖಲೆಯ ಜೊತೆ ಸಾಮಾಜಿಕ ಜಾಲತಾಣಗಳಿಂದ ಹೆಕ್ಕಿದ ವಿವರವೂ ಬೆರೆತಿದೆ ಎಂದು ಆಗ ಬ್ಯಾಂಕೇ ಹೇಳಿತ್ತು. ಚೂರುಪಾರು ಮಾಹಿತಿಯನ್ನು ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಕಾಯ್ದೆಯ 22ನೇ ವಿಧಿಯ ಪ್ರಕಾರ ಮೊದಲೇ ಒಪ್ಪಿಗೆ ಪಡೆಯದೆ ಯಾರಿಗೂ ಜಾಹೀರಾತಿನ ಸಂದೇಶ ಕಳಿಸುವಂತಿಲ್ಲ. ಕಳಿಸಿದರೆ 10 ಲಕ್ಷ ರಿಯಾಲ್‌ವರೆಗೆ ದಂಡ. ಮಕ್ಕಳ ವಿವರ, ಆರೋಗ್ಯ, ಧರ್ಮ, ದಾಂಪತ್ಯದ ಸಂಗತಿಗಳು ವಿಶೇಷ ಸ್ವರೂಪದ ಮಾಹಿತಿ; ಅವನ್ನು ಬಳಸಲು ಸಂಬಂಧಪಟ್ಟ ಇಲಾಖೆಯ ಅನುಮತಿಯೇ ಬೇಕು. ಕಾಯ್ದೆಯ ಉಸ್ತುವಾರಿ ಈಗ ರಾಷ್ಟ್ರೀಯ ಸೈಬರ್ ಭದ್ರತಾ ಸಂಸ್ಥೆಯದ್ದು. ದೂರು ಕೊಡಲು ಅವಕಾಶವೂ ಇದೆ. ಆದರೆ ಕಂಪನಿಯ ವೀಸಾದ ಮೇಲೆ ಬದುಕುವವನು ಒಂದು ಎಸ್ಸೆಮ್ಮೆಸ್‌ಗಾಗಿ ದೂರು ಕೊಡಲು ಹೋಗುತ್ತಾನೆಯೇ?

ಯಾರೂ ಬಲವಂತ ಮಾಡಿಲ್ಲವಲ್ಲ, ನೀವೇ ಬರೆದುಕೊಟ್ಟಿರಿ ಎನ್ನುವವರಿದ್ದಾರೆ. ಸಿಮ್ಮಿಗೆ, ಮನೆ ಬಾಡಿಗೆಗೆ, ಹಣ ಕಳಿಸಲು, ಆಸ್ಪತ್ರೆಗೆ, ಎಲ್ಲದಕ್ಕೂ ಬತಾಕಾ ತೋರಿಸಿ ತೋರಿಸಿ ಅಭ್ಯಾಸವಾದ ಕೈ, ಕೂಪನ್ನಿಗೂ ಯೋಚಿಸದೆ ಬರೆದುಕೊಡುತ್ತದೆ. ಎಲ್ಲಿ ಕೊಡಲೇಬೇಕು, ಎಲ್ಲಿ ಬೇಡ ಎಂಬ ಗೆರೆಯೇ ಅಳಿಸಿಹೋಗಿದೆ. ಇದನ್ನು ಒಪ್ಪಿಗೆ ಎಂದು ಕರೆಯಲು ನಾನಂತೂ ತಯಾರಿಲ್ಲ.

ಊರಿನ ಕಾನೂನು ನಮ್ಮನ್ನು ಕಾಯುತ್ತದೆಯೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲೇರಿದ ಆ ಹಿರಿಯರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು. ಆದರೆ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಭಾರತದಲ್ಲಿ ಕಾಯ್ದೆ ಬಂದದ್ದು 2023ರಲ್ಲಿ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಮತ್ತೆ 18 ತಿಂಗಳ ಗಡುವು. ಆ ಕಾಯ್ದೆಯಲ್ಲೂ 17ನೇ ಕಲಮು ಒಂದು ವಿನಾಯಿತಿ ಇಟ್ಟಿದೆ: ವಿದೇಶಿ ಕಂಪನಿಯ ಗುತ್ತಿಗೆ ಹಿಡಿದು, ಭಾರತದ ಹೊರಗಿರುವವರ ಮಾಹಿತಿಯನ್ನು ಭಾರತದಲ್ಲಿ ಕೂತು ಸಂಸ್ಕರಿಸುವವರಿಗೆ ಒಪ್ಪಿಗೆ, ನೋಟಿಸುಗಳ ಹೊಣೆ ಇಲ್ಲ, ಭದ್ರತೆಯ ಹೊಣೆ ಮಾತ್ರ ಉಳಿಯುತ್ತದೆ. ಕೊಲ್ಲಿಯ ಕಂಪನಿಯೊಂದು ನಮ್ಮ ಮಾಹಿತಿಯನ್ನು ಬೆಂಗಳೂರಿನ ಕಾಲ್ ಸೆಂಟರಿಗೆ ಗುತ್ತಿಗೆ ಕೊಟ್ಟರೆ, ನಮ್ಮೂರಲ್ಲೇ ನಮ್ಮ ಹಕ್ಕಿಗೆ ಕತ್ತರಿ. ಊರಿನ ಅನುಭವವೂ ಧೈರ್ಯ ಕೊಡುವಂಥದ್ದಲ್ಲ. ಮತದಾರರ ಜಾಗೃತಿ ಎಂದು ಅನುಮತಿ ಪಡೆದು ಮನೆಮನೆಯ ವಿವರ ಕಲೆಹಾಕಿದ ಚಿಲುಮೆ ಸಂಸ್ಥೆಯ ಪ್ರಕರಣ 2022ರಲ್ಲಿ ಬೆಂಗಳೂರಿನಲ್ಲಿ ಎಬ್ಬಿಸಿದ ಗದ್ದಲವನ್ನು ಓದುಗರು ಮರೆತಿರಲಾರರು.

ಕತಾರ್‌ನ ಕಾಯ್ದೆಯನ್ನಾಗಲೀ ದಿಲ್ಲಿಯ ಕಾಯ್ದೆಯನ್ನಾಗಲೀ ನಾವು ತಿದ್ದಲಾರೆವು. ನಮ್ಮ ಕೈಯಲ್ಲಿರುವುದು ನಮ್ಮ ಸಂಘಗಳು. ರಾಜ್ಯೋತ್ಸವ, ಕ್ರಿಕೆಟ್ ಪಂದ್ಯ, ಮಕ್ಕಳ ಚಿತ್ರಕಲಾ ಸ್ಪರ್ಧೆ, ಏನೇ ಇರಲಿ, ಈಗ ಗೂಗಲ್ ಫಾರಂ ಬರುತ್ತದೆ. ಅದರಲ್ಲಿ ಕ್ಯುಐಡಿ, ಕಂಪನಿ, ಹುದ್ದೆ, ಊರು, ಮಕ್ಕಳ ಹುಟ್ಟಿದ ದಿನಾಂಕ. ಕೆಲವೆಡೆ ಜಾತಿ, ಧರ್ಮದ ಸುಳಿವು ಕೇಳುವ ಪ್ರಶ್ನೆಯೂ. ಪಟ್ಟಿ ಯಾವುದೋ ಪದಾಧಿಕಾರಿಯ ಸ್ವಂತ ಜಿಮೇಲಿನಲ್ಲಿ ಕೂತಿರುತ್ತದೆ. ಅವರ ಅವಧಿ ಮುಗಿದರೂ ಪಟ್ಟಿ ಅಲ್ಲೇ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಪ್ರಾಯೋಜಕರು: ಹಣ ವರ್ಗಾವಣೆಯವರು, ಸೈಟು ಮಾರುವವರು, ವಿಮೆಯವರು. ಪಟ್ಟಿ ಅವರಿಗೆ ಹೋಗುತ್ತದೆ ಎಂದು ನಾನು ಆರೋಪಿಸುತ್ತಿಲ್ಲ. ಹೋಗುವುದಿಲ್ಲ ಎಂದು ಬರೆದುಕೊಡಿ ಎಂದಷ್ಟೇ ಕೇಳುತ್ತಿದ್ದೇನೆ.

ದೋಹಾದ ಎಲ್ಲ ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಸಭಾಂಗಣದವರೋ ಸರ್ಕಾರವೋ ಕೇಳದ ಹೊರತು ಕ್ಯುಐಡಿ ನಂಬರ್ ಕೇಳಬೇಡಿ. ಮಕ್ಕಳ ಸ್ಪರ್ಧೆಗೆ ವಯಸ್ಸು ಸಾಕು, ಹುಟ್ಟಿದ ದಿನಾಂಕ ಬೇಡ. ಕಾರ್ಯಕ್ರಮ ಮುಗಿದ ತಿಂಗಳೊಳಗೆ ಫಾರಂ ಅಳಿಸಿ, ಅಳಿಸಿದ್ದೇವೆ ಎಂದು ಸದಸ್ಯರ ಗ್ರೂಪಿನಲ್ಲಿ ಒಂದು ಸಾಲು ಹಾಕಿ. ಬರುವ ರಾಜ್ಯೋತ್ಸವದ ನೋಂದಣಿಯಿಂದಲೇ ಇದು ಶುರುವಾಗಲಿ.

ಇತಿ,
ನಜ್ಮಾದ ಓದುಗ,
ದೋಹಾ, ಕತಾರ್