ಕರ್ನಾಟಕದಲ್ಲಿ ಹೊರರಾಜ್ಯ ವಾಹನಗಳ ಮೇಲಿನ ಆಜೀವ ತೆರಿಗೆ

ಹೊರರಾಜ್ಯ ವಾಹನಗಳ ಮೇಲಿನ ಆಜೀವ ತೆರಿಗೆ ಎಂಬುದು ಬೇರೊಂದು ರಾಜ್ಯದಲ್ಲಿ ಈಗಾಗಲೇ ನೋಂದಣಿಯಾಗಿ, ಅಲ್ಲಿಯ ತೆರಿಗೆಯನ್ನು ಪಾವತಿಸಿದ ಸ್ವಂತ ಬಳಕೆಯ ಕಾರು, ಜೀಪು ಹಾಗೂ ದ್ವಿಚಕ್ರ ವಾಹನಗಳನ್ನು ಕರ್ನಾಟಕಕ್ಕೆ ತಂದು ಇರಿಸಿಕೊಂಡಾಗ ರಾಜ್ಯ ಸರ್ಕಾರವು ವಿಧಿಸುವ ತೆರಿಗೆಯಾಗಿದೆ. ಇದಕ್ಕೆ ಆಧಾರ 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ. ತೆರಿಗೆಯ ಪ್ರಮಾಣ, ಅದನ್ನು ಕೇಳಬಹುದಾದ ಕಾಲ, ಎರಡು ರಾಜ್ಯಗಳಿಗೆ ಎರಡು ಸಲ ಹಣ ಕಟ್ಟಬೇಕಾಗಿ ಬರುವ ಪರಿಸ್ಥಿತಿ ಇವು ದಶಕಕ್ಕೂ ಹೆಚ್ಚು ಕಾಲದಿಂದ ವಿವಾದಕ್ಕೆ ಒಳಗಾಗಿವೆ. ಉದ್ಯೋಗಕ್ಕಾಗಿ ಹೊರಗಿನಿಂದ ಬಂದವರು ಹೆಚ್ಚಾಗಿ ನೆಲೆಸಿರುವ ಬೆಂಗಳೂರಿನಲ್ಲಿ, ಅದರಲ್ಲಿಯೂ ನಗರದ ಉತ್ತರ ಭಾಗದಲ್ಲಿ, ಇದು ಮನೆಮಾತಾದ ವಿಷಯ.

ಉತ್ತರ ಬೆಂಗಳೂರಿನ ಸಂದರ್ಭ

ಯಲಹಂಕದ ವಾಯುಪಡೆ ನೆಲೆ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಹೆಬ್ಬಾಳದ ಆಚೆಗಿನ ಕೃಷಿ ವಿಶ್ವವಿದ್ಯಾಲಯ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್, 2008ರಲ್ಲಿ ಆರಂಭವಾದ ದೇವನಹಳ್ಳಿಯ ವಿಮಾನ ನಿಲ್ದಾಣ – ಇವೆಲ್ಲವೂ ಬಳ್ಳಾರಿ ರಸ್ತೆಯಲ್ಲಿ ಅಥವಾ ಅದಕ್ಕೆ ಹೊಂದಿಕೊಂಡ ಪ್ರದೇಶಗಳಲ್ಲಿ ಇವೆ. ಇವುಗಳಲ್ಲಿ ದುಡಿಯುವವರ ಪೈಕಿ ಅನೇಕರು ಬೇರೆ ರಾಜ್ಯಗಳಿಂದ ವರ್ಗವಾಗಿ ಬಂದವರು; ಕೆಲವು ವರ್ಷಗಳ ಬಳಿಕ ಮತ್ತೆ ಬೇರೆಡೆಗೆ ಹೋಗುವವರು. ಆರ್.ಟಿ. ನಗರ, ಹೆಬ್ಬಾಳ, ಸಹಕಾರನಗರಗಳ ಬಾಡಿಗೆ ಮನೆಗಳ ಮುಂದೆ ತಮಿಳುನಾಡು, ಕೇರಳ, ಮಹಾರಾಷ್ಟ್ರ, ದೆಹಲಿಗಳ ಸಂಖ್ಯಾಫಲಕ ಹೊತ್ತ ವಾಹನಗಳು ನಿಂತಿರುವುದು ಸಾಮಾನ್ಯ ನೋಟ. ಯಶವಂತಪುರ ರೈಲು ನಿಲ್ದಾಣಕ್ಕೆ ಗೋಣಿತಟ್ಟು ಸುತ್ತಿದ ಮೋಟಾರು ಸೈಕಲ್ಲುಗಳು ಪಾರ್ಸೆಲ್ ಆಗಿ ಬಂದಿಳಿಯುತ್ತವೆ.

ಈ ಭಾಗದ ನೋಂದಣಿ ಕಾರ್ಯವನ್ನು ಮುಖ್ಯವಾಗಿ ಎರಡು ಪ್ರಾದೇಶಿಕ ಸಾರಿಗೆ ಕಚೇರಿಗಳು (ಆರ್‌ಟಿಒ) ನಿರ್ವಹಿಸುತ್ತವೆ: ಕೆಎ-04 ಸಂಕೇತದ ಯಶವಂತಪುರ ಮತ್ತು ಕೆಎ-50 ಸಂಕೇತದ ಯಲಹಂಕ. ಹೊರರಾಜ್ಯದ ವಾಹನವನ್ನು ಇಲ್ಲಿಯದನ್ನಾಗಿ ಮಾಡಿಕೊಳ್ಳಬೇಕಾದವರು ತಮ್ಮ ವಾಸಸ್ಥಳಕ್ಕೆ ಅನುಗುಣವಾಗಿ ಇವುಗಳಲ್ಲಿ ಒಂದರ ಮೆಟ್ಟಿಲು ಹತ್ತಬೇಕು.

ಕಾನೂನಿನ ಚೌಕಟ್ಟು

ಗೊಂದಲದ ಮೂಲವಿರುವುದು ನೋಂದಣಿ ಕೇಂದ್ರದ ವಿಷಯವಾಗಿಯೂ ತೆರಿಗೆ ರಾಜ್ಯದ ವಿಷಯವಾಗಿಯೂ ಇರುವುದರಲ್ಲಿ. 1988ರ ಮೋಟಾರು ವಾಹನಗಳ ಅಧಿನಿಯಮದ 46ನೆಯ ಪ್ರಕರಣದ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿಯು ಇಡೀ ಭಾರತದಲ್ಲಿ ಊರ್ಜಿತ. 47ನೆಯ ಪ್ರಕರಣವು ವಾಹನವನ್ನು ಬೇರೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಮೀರಿ ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕೆಂದು ವಿಧಿಸುತ್ತದೆ. ಆದರೆ ವಾಹನಗಳ ಮೇಲಿನ ತೆರಿಗೆಯು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 57ನೆಯ ನಮೂದಾಗಿದೆ. ಆ ತೆರಿಗೆಯನ್ನು ಯಾವ ತತ್ತ್ವಗಳ ಮೇಲೆ ವಿಧಿಸಬೇಕೆಂಬುದು ಮಾತ್ರ ಸಮವರ್ತಿ ಪಟ್ಟಿಯ 35ನೆಯ ನಮೂದಿಗೆ ಸೇರಿದೆ. ಇಂತಹ ತತ್ತ್ವಗಳನ್ನು ಕೇಂದ್ರವು ಸಮಗ್ರವಾಗಿ ರೂಪಿಸದಿರುವುದರಿಂದ ಪ್ರತಿಯೊಂದು ರಾಜ್ಯವೂ ತನ್ನದೇ ದರ, ತನ್ನದೇ ಪಟ್ಟಿಯನ್ನು ಇರಿಸಿಕೊಂಡಿದೆ.

ಹೀಗಾಗಿ ಸಂಖ್ಯಾಫಲಕವು ದೇಶದಾದ್ಯಂತ ನಡೆಯುತ್ತದೆ, ತೆರಿಗೆಯ ರಸೀದಿ ನಡೆಯುವುದಿಲ್ಲ. ಹದಿನೈದು ವರ್ಷಗಳಿಗೆಂದು ಒಮ್ಮೆಗೇ ಕಟ್ಟಿದ ಹಣಕ್ಕೆ 'ಆಜೀವ' ಎಂಬ ಹೆಸರಿದ್ದರೂ ಆ ಆಯುಸ್ಸು ರಾಜ್ಯದ ಗಡಿಯಲ್ಲಿ ಮುಗಿಯುತ್ತದೆ.

ದರಗಳು

ಕರ್ನಾಟಕದಲ್ಲಿ ಕಾರುಗಳ ಆಜೀವ ತೆರಿಗೆಯು 5 ಲಕ್ಷ ರೂಪಾಯಿವರೆಗಿನ ಬೆಲೆಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲ್ಪಟ್ಟರೆ ಶೇ 18. ಇದರ ಮೇಲೆ ಸೆಸ್ ಪ್ರತ್ಯೇಕ. ವಿದ್ಯುತ್ ವಾಹನಗಳಿಗೆ ಬಹುಕಾಲ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ 10ರ ತೆರಿಗೆ ಬಂದಿತು.

ದ್ವಿಚಕ್ರ ವಾಹನಗಳ ದರಗಳು ಚರ್ಚೆಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ, ಆದರೆ ಗಮನಿಸತಕ್ಕವು. 50 ಸಾವಿರ ರೂಪಾಯಿವರೆಗೆ ಶೇ 10, ಒಂದು ಲಕ್ಷದವರೆಗೆ ಶೇ 12, ಒಂದು ಲಕ್ಷ ಮೀರಿದರೆ ಶೇ 18. ಅಂದರೆ 1,20,000 ರೂಪಾಯಿಯ ಮೋಟಾರು ಸೈಕಲ್ಲಿಗೆ 21,600 ರೂಪಾಯಿ ತೆರಿಗೆ. ಇಂದಿನ ಬೆಲೆಗಳಲ್ಲಿ ಲಕ್ಷ ದಾಟಿದ ಬೈಕು ವಿಲಾಸದ ವಸ್ತುವೇನಲ್ಲ; ಆದರೂ ಅದನ್ನು ಏರಿ ಕೆಲಸಕ್ಕೆ ಹೋಗುವ ಯುವಕನು ತೆರುವ ಶೇಕಡಾವಾರು ಪ್ರಮಾಣವು 20 ಲಕ್ಷ ಮೀರಿದ ಕಾರಿನ ಒಡೆಯನು ತೆರುವಷ್ಟೇ ಆಗುತ್ತದೆ. ಬೆಲೆಗಳು ಏರುತ್ತ ಹೋದಂತೆ ಹಳೆಯ ಮಿತಿಗಳೇ ಉಳಿದರೆ, ದರವನ್ನು ಮುಟ್ಟದೆಯೇ ತೆರಿಗೆ ಏರುತ್ತದೆ.

ದೇಶದಲ್ಲೇ ಅತ್ಯಂತ ಹೆಚ್ಚಿನ ತೆರಿಗೆ ಕರ್ನಾಟಕದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ತುಸು ತಿದ್ದಿಕೊಳ್ಳಬೇಕು. ತಮಿಳುನಾಡು 2023ರ ನವೆಂಬರಿನಲ್ಲಿ ತನ್ನ ದರಗಳನ್ನು ಏರಿಸಿ 10ರಿಂದ 20 ಲಕ್ಷದ ಕಾರುಗಳಿಗೆ ಶೇ 18, ಅದಕ್ಕೂ ಮೇಲಿನವುಗಳಿಗೆ ಶೇ 20 ಎಂದು ನಿಗದಿಪಡಿಸಿತು. ಕೇರಳದಲ್ಲಿಯೂ ದುಬಾರಿ ಕಾರುಗಳ ದರ ಶೇ 20ನ್ನು ಮೀರುತ್ತದೆ. ವ್ಯತ್ಯಾಸ ಎದ್ದುಕಾಣುವುದು ಉತ್ತರದ ಕಡೆಯಿಂದ ಬಂದವರಿಗೆ. ದೆಹಲಿಯಲ್ಲಿ 6ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಶೇ 7ರ ದರವಿದ್ದು, 9 ಲಕ್ಷದ ಕಾರಿಗೆ 63,000 ರೂಪಾಯಿ ಆಗುತ್ತದೆ. ಅದೇ ಕಾರು ಬೆಂಗಳೂರಿನಲ್ಲಿ ಹೊಸದಾಗಿ ನೋಂದಣಿಯಾದರೆ 1,26,000 ರೂಪಾಯಿ.

ಹೊರಗಿನಿಂದ ತಂದ ಹಳೆಯ ವಾಹನಕ್ಕೆ ಪೂರ್ಣ ದರ ಅನ್ವಯಿಸುವುದಿಲ್ಲ. ವಾಹನದ ವಯಸ್ಸು ಹೆಚ್ಚಿದಂತೆ ಮೊತ್ತ ಕಡಿಮೆಯಾಗುತ್ತದೆ. ಹೊರಗಿನವರಿಗೆ ಪ್ರತ್ಯೇಕವಾದ, ಹೆಚ್ಚಿನ ದರವೆಂಬುದೂ ಇಲ್ಲ. ಸ್ಥಳೀಯರಿಗೂ ಪರಸ್ಥಳದವರಿಗೂ ಪಟ್ಟಿ ಒಂದೇ. ಆದುದರಿಂದ 'ಹೊರಗಿನವರಿಗೆ ದುಬಾರಿ ತೆರಿಗೆ' ಎಂಬ ದೂರು ಅಕ್ಷರಶಃ ಸರಿಯಲ್ಲ. ಎರಡನೆಯ ಸಲ ಕಟ್ಟಬೇಕಾಗುವುದೇ ನಿಜವಾದ ಭಾರ.

ಮೂವತ್ತು ದಿನಗಳ ತಿದ್ದುಪಡಿ ಮತ್ತು 2016ರ ತೀರ್ಪು

2014ರಲ್ಲಿ ರಾಜ್ಯ ಸರ್ಕಾರವು ತೆರಿಗೆ ಅಧಿನಿಯಮಕ್ಕೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನವು ಕರ್ನಾಟಕದಲ್ಲಿ ಮೂವತ್ತು ದಿನಗಳಿಗಿಂತ ಹೆಚ್ಚು ಕಾಲ ಇದ್ದರೆ ಆಜೀವ ತೆರಿಗೆ ಕಟ್ಟಬೇಕೆಂದು ವಿಧಿಸಿತು. ರಸ್ತೆಗಳಲ್ಲಿ ತಪಾಸಣೆ ಬಿಗಿಯಾಯಿತು. ಕೆಲಸಕ್ಕೆ ಸೇರಿ ಎರಡನೆಯ ಸಂಬಳ ಕೈಗೆ ಬರುವ ಮೊದಲೇ ವಾಹನದ ತೆರಿಗೆಗೆ ಹಣ ಹೊಂದಿಸಬೇಕಾದ ಸ್ಥಿತಿ ಹಲವರಿಗೆ ಒದಗಿತು. ತಿದ್ದುಪಡಿಯನ್ನು ಪ್ರಶ್ನಿಸಿ ಅರ್ಜಿಗಳು ಉಚ್ಚ ನ್ಯಾಯಾಲಯದ ಮುಂದೆ ಬಂದವು.

2016ರ ಮಾರ್ಚ್ 10ರಂದು ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿಯವರ ಏಕಸದಸ್ಯ ಪೀಠವು ಆ ತಿದ್ದುಪಡಿಯನ್ನು ರದ್ದುಪಡಿಸಿತು. ಕೇಂದ್ರದ ಕಾನೂನು ಹನ್ನೆರಡು ತಿಂಗಳ ಅವಕಾಶವನ್ನು ನೀಡಿರುವಾಗ ರಾಜ್ಯವು ಒಂದೇ ತಿಂಗಳ ವಾಸ್ತವ್ಯವನ್ನು ಹಿಡಿದು ಹದಿನೈದು ವರ್ಷಗಳ ತೆರಿಗೆಯನ್ನು ಕೇಳುವುದು ಹೊಂದುವುದಿಲ್ಲವೆಂಬುದು ವಾದದ ತಿರುಳು.

ಈ ತೀರ್ಪನ್ನು 'ಹೊರರಾಜ್ಯದ ವಾಹನಗಳಿಗೆ ಇನ್ನು ತೆರಿಗೆಯಿಲ್ಲ' ಎಂದು ಅರ್ಥೈಸಿದವರು ಕಡಿಮೆಯೇನಲ್ಲ. ಅದು ತಪ್ಪು. ಹನ್ನೆರಡು ತಿಂಗಳ ಬಳಿಕ ಮರುನೋಂದಣಿಯೂ ತೆರಿಗೆಯೂ ತಪ್ಪಿದ್ದಲ್ಲ. ಉಳಿದ ತೊಡಕೆಂದರೆ ಆ ಹನ್ನೆರಡು ತಿಂಗಳನ್ನು ಎಣಿಸುವ ಬಗೆ. ವಾಹನವು ಯಾವಾಗ ಗಡಿ ದಾಟಿ ಬಂದಿತೆಂಬುದಕ್ಕೆ ದಾಖಲೆಯನ್ನು ಒದಗಿಸಬೇಕಾದ ಹೊಣೆ ವಾಸ್ತವದಲ್ಲಿ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ತಡೆಯಲ್ಪಟ್ಟಾಗ ಟೋಲ್ ರಸೀದಿ, ರೈಲ್ವೆ ಪಾರ್ಸೆಲ್ ಚೀಟಿ ಅಥವಾ ಹಿಂದಿನ ಊರಿನ ಸರ್ವಿಸ್ ಬಿಲ್ಲನ್ನು ತೋರಿಸಬಲ್ಲವನು ಪಾರಾಗುತ್ತಾನೆ. ಅವನ್ನು ಎಸೆದವನು ಅಧಿಕಾರಿಯ ಅಂದಾಜಿಗೆ ತಲೆಬಾಗಬೇಕಾಗುತ್ತದೆ.

ಭಾರತ್ ಸರಣಿ

ವರ್ಗಾವಣೆಯಾಗುವ ನೌಕರರ ತೊಂದರೆಯನ್ನು ನೀಗಿಸಲು ಕೇಂದ್ರ ಸರ್ಕಾರವು 2021ರ ಆಗಸ್ಟಿನಲ್ಲಿ 'ಬಿಎಚ್' ಎಂಬ ಭಾರತ್ ಸರಣಿಯ ನೋಂದಣಿಯನ್ನು ಅಧಿಸೂಚಿಸಿತು. ಅದು ಅದೇ ವರ್ಷದ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿತು. ಇದರಲ್ಲಿ ತೆರಿಗೆಯನ್ನು ಎರಡು ವರ್ಷಗಳಿಗೆ ಅಥವಾ ಅದರ ಗುಣಕಗಳಿಗೆ ಕಟ್ಟಬಹುದು. ರಾಜ್ಯ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ತೆರಿಗೆಯ ಲೆಕ್ಕಕ್ಕೆ ಆಧಾರವಾದ ದರ 10 ಲಕ್ಷದವರೆಗೆ ಶೇ 8, 20 ಲಕ್ಷದವರೆಗೆ ಶೇ 10, ಆ ಬಳಿಕ ಶೇ 12. ರಕ್ಷಣಾ ಸಿಬ್ಬಂದಿ, ಕೇಂದ್ರ ಹಾಗೂ ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ಯಮಗಳ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯ/ಕೇಂದ್ರಾಡಳಿತ ಪ್ರದೇಶಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು.

ಕರ್ನಾಟಕವು 2021ರ ಡಿಸೆಂಬರಿನ ಸುತ್ತೋಲೆಯಿಂದ ಖಾಸಗಿ ನೌಕರರನ್ನು ಈ ಸೌಲಭ್ಯದಿಂದ ಹೊರಗಿಟ್ಟಿತು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2022ರ ಡಿಸೆಂಬರಿನಲ್ಲಿ ಆ ಸುತ್ತೋಲೆಯನ್ನು ರದ್ದುಗೊಳಿಸಿತು. ರಾಜ್ಯದ ಹಿಂಜರಿಕೆಗೆ ಕಾರಣ ಗುಟ್ಟಿನದೇನಲ್ಲ: ಶೇ 17ರಷ್ಟು ಮೊತ್ತ ಒಮ್ಮೆಗೇ ಬರುವಲ್ಲಿ ಶೇ 10ರ ಲೆಕ್ಕದಲ್ಲಿ ಕಂತುಗಳಾಗಿ ಬಂದರೆ ಬೊಕ್ಕಸಕ್ಕೆ ಕೊರತೆ.

ಭಾರತ್ ಸರಣಿಯಿಂದ ಯಲಹಂಕದ ವಾಯುಸೈನಿಕನಿಗೂ ಮಾನ್ಯತಾ ಟೆಕ್ ಪಾರ್ಕಿನ ಬಹುರಾಷ್ಟ್ರೀಯ ಕಂಪನಿಯ ನೌಕರನಿಗೂ ಅನುಕೂಲವಾಯಿತು. ಆದರೆ ಸಣ್ಣ ಸಂಸ್ಥೆಯ ಲೆಕ್ಕಿಗ, ಸ್ವಂತ ಉದ್ಯೋಗಿ, ನಿವೃತ್ತರಾಗಿ ಮಕ್ಕಳ ಮನೆಗೆ ಬಂದ ಹಿರಿಯರು, ಊರಿನ ಬೈಕನ್ನೇ ತಂದ ವಿದ್ಯಾರ್ಥಿ ಇವರಾರೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಎರಡನೆಯ ತೆರಿಗೆಯು ಹೆಚ್ಚು ಭಾರವಾಗುವುದು ಇಂತಹವರಿಗೇ.

ಸರ್ಕಾರದ ವಾದ ಮತ್ತು ಐಷಾರಾಮಿ ಕಾರುಗಳು

ಸರ್ಕಾರದ ಪಕ್ಷದಲ್ಲಿ ಹೇಳಬೇಕಾದದ್ದೂ ಇದೆ. ವಾಹನ ಓಡುವುದು ಇಲ್ಲಿಯ ರಸ್ತೆಯಲ್ಲಿ, ಸಂದಣಿ ಹೆಚ್ಚುವುದು ಇಲ್ಲಿಯ ವೃತ್ತಗಳಲ್ಲಿ. ತೆರಿಗೆ ಮಾತ್ರ ಬೇರೆಡೆಗೆ ಸಂದಾಯವಾದರೆ ಇಲ್ಲಿಯೇ ವಾಹನ ಕೊಂಡು ಪೂರ್ಣ ತೆರಿಗೆ ತೆತ್ತವನಿಗೆ ಅನ್ಯಾಯವಾಗುತ್ತದೆ. ಇದಕ್ಕೆ ಪುದುಚೇರಿಯ ನೋಂದಣಿಗಳು ಒಳ್ಳೆಯ ನಿದರ್ಶನ. ಒಂದು ಕೋಟಿ ರೂಪಾಯಿಯ ಕಾರಿಗೆ ಕರ್ನಾಟಕದಲ್ಲಿ 18 ಲಕ್ಷ ರೂಪಾಯಿ ತೆರಿಗೆಯಾದರೆ, ಪುದುಚೇರಿಯಲ್ಲಿ ಅದರ ಅಲ್ಪಭಾಗ ಸಾಕು. ಆದ್ದರಿಂದ ಅಲ್ಲಿಯ ವಿಳಾಸ ತೋರಿಸಿ ನೋಂದಣಿ ಮಾಡಿಸಿ, ಬೆಂಗಳೂರಿನಲ್ಲಿ ಓಡಿಸುವ ಪರಿಪಾಠ ಬೆಳೆಯಿತು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯು ಬೆಂಗಳೂರಿನಲ್ಲಿ ಇಂತಹ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನೋಂದಣಿಯಿದ್ದ ಒಂದು ಫೆರಾರಿ ಕಾರಿನಿಂದ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಮತ್ತು ದಂಡ ವಸೂಲಾಯಿತು.

ಇಲ್ಲಿ ಎರಡು ಬಗೆಯ ಜನರು ಒಂದೇ ಬಲೆಗೆ ಬೀಳುತ್ತಿದ್ದಾರೆಂಬುದನ್ನು ಮರೆಯಬಾರದು. ತೆರಿಗೆ ತಪ್ಪಿಸಲೆಂದೇ ಹೊರಗೆ ನೋಂದಣಿ ಮಾಡಿಸಿದ ಬೆಂಗಳೂರಿಗನೊಬ್ಬ. ತನ್ನ ಊರಿನಲ್ಲಿ ಪ್ರಾಮಾಣಿಕವಾಗಿ ತೆರಿಗೆ ಕಟ್ಟಿ, ಕೆಲಸಕ್ಕಾಗಿ ಬೆಂಗಳೂರಿಗೆ ಬಂದವನು ಇನ್ನೊಬ್ಬ. ರಸ್ತೆಬದಿಯ ತಪಾಸಣೆಯಲ್ಲಿ ಕಾಣುವುದು ಸಂಖ್ಯಾಫಲಕ ಮಾತ್ರ.

ಬೇರೆ ದೇಶದ ಒಂದು ಹೋಲಿಕೆ

ರಾಜ್ಯವೊಂದು ತನ್ನವರಿಗೂ ಹೊರಗಿನವರಿಗೂ ಬೇರೆ ಬೇರೆ ದರ ವಿಧಿಸಬಹುದೇ ಎಂಬ ಪ್ರಶ್ನೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, ಬೇಟೆಯ ಪರವಾನಗಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಪರಿಶೀಲಿಸಿತು. ಮೊಂಟಾನಾ ರಾಜ್ಯವು ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಸ್ಥಳೀಯರಿಂದ 9 ಡಾಲರ್ ಪಡೆಯುತ್ತಿದ್ದರೆ, ಹೊರಗಿನವರು ಅದಕ್ಕಾಗಿ 225 ಡಾಲರಿನ ಸಂಯುಕ್ತ ಪರವಾನಗಿಯನ್ನು ಕೊಳ್ಳಬೇಕಾಗಿತ್ತು. ಮನರಂಜನೆಯ ಬೇಟೆಯು ಪೌರತ್ವದ ಮೂಲಭೂತ ಹಕ್ಕಲ್ಲವೆಂದು ಹೇಳಿ ನ್ಯಾಯಾಲಯವು ಆ ವ್ಯತ್ಯಾಸವನ್ನು ಎತ್ತಿಹಿಡಿಯಿತು. ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಿಂದ ನಿಷೇಧಿಸಿರುವ ಭಾರತದಲ್ಲಿ ಆ ಮೊಕದ್ದಮೆ ಹುಟ್ಟುವಂತಿಲ್ಲ. ಆದರೆ ಅದರ ತರ್ಕವನ್ನು ತಿರುಗಿಸಿ ನೋಡಬಹುದು. ಕೆಲಸ ಹುಡುಕಿ ಬಂದು ನೆಲೆಸುವುದು ವಿನೋದವಲ್ಲ. ದೇಶದ ಯಾವ ಭಾಗದಲ್ಲಿಯಾದರೂ ಸಂಚರಿಸುವ, ವಾಸಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ನೀಡಿದೆ. ಇನ್ನೊಂದೆಡೆ, 2016ರ ನವೆಂಬರಿನ ಜಿಂದಾಲ್ ಸ್ಟೇನ್‌ಲೆಸ್ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ತಾರತಮ್ಯವಿಲ್ಲದ ತೆರಿಗೆಯು ಮುಕ್ತ ವ್ಯಾಪಾರಕ್ಕೆ ಅಡ್ಡಿಯಾಗದೆಂದು ಬಹುಮತದಿಂದ ಹೇಳಿದೆ. ಎಲ್ಲರಿಗೂ ಒಂದೇ ದರವೆಂಬುದು ಕರ್ನಾಟಕಕ್ಕೆ ಬಲವನ್ನು ನೀಡುವ ಅಂಶ.

ಮರುಪಾವತಿ

ಎರಡು ತೆರಿಗೆಗಳ ಭಾರವನ್ನು ತಗ್ಗಿಸಲು ಇರುವ ಮಾರ್ಗ, ಮೊದಲ ರಾಜ್ಯದಿಂದ ಉಳಿದ ಅವಧಿಯ ತೆರಿಗೆಯನ್ನು ಹಿಂದಕ್ಕೆ ಪಡೆಯುವುದು. ಇದರ ಕ್ರಮ ಹೀಗೆ: ಮೂಲ ನೋಂದಣಿ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಪಡೆದು, ಯಶವಂತಪುರ ಅಥವಾ ಯಲಹಂಕದ ಕಚೇರಿಯಲ್ಲಿ 27ನೆಯ ನಮೂನೆಯ ಅರ್ಜಿ ಸಲ್ಲಿಸಿ, ತೆರಿಗೆ ಕಟ್ಟಿ, ಕೆಎ ಸಂಖ್ಯೆಯ ಹೊಸ ನೋಂದಣಿ ಪತ್ರ ಕೈಸೇರಿದ ಮೇಲೆ ಅದರ ಪ್ರತಿಯೊಡನೆ ಮೊದಲ ರಾಜ್ಯಕ್ಕೆ ಮರುಪಾವತಿಯನ್ನು ಕೋರಬೇಕು. ಮೊದಲು ಕೊಡಬೇಕು, ಆಮೇಲೆ ಕೇಳಬೇಕು. ಹಿಂದಿರುಗುವ ಮೊತ್ತವನ್ನು ಆ ರಾಜ್ಯವು ತನ್ನ ಪಟ್ಟಿಯಂತೆ ಲೆಕ್ಕ ಹಾಕುತ್ತದೆ, ಇಲ್ಲಿಯ ಬೇಡಿಕೆಯನ್ನು ಕರ್ನಾಟಕವು ತನ್ನ ಪಟ್ಟಿಯಂತೆ ಲೆಕ್ಕ ಹಾಕುತ್ತದೆ. ಎರಡೂ ಸರಿದೂಗಬೇಕೆಂಬ ನಿಯಮವಿಲ್ಲ. ಸಾಲದಿಂದ ಕೊಂಡ ವಾಹನವಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಕರ್ನಾಟಕದಿಂದ ಹೊರಹೋಗುವವರಿಗೂ ಇದೇ ದಾರಿ: ಹೊಸ ರಾಜ್ಯದಲ್ಲಿ ನೋಂದಣಿಯಾದ ಪುರಾವೆಯೊಂದಿಗೆ, ಇಲ್ಲಿ ತೆರಿಗೆ ಕಟ್ಟಿದ ಕಚೇರಿಗೇ ಅರ್ಜಿ ಹಾಕಬೇಕು.