ಬಿಸಿಲಿಗೆ ಸೋಲುವ ಟ್ರ್ಯಾಕ್ಟರ್ ಲಿಫ್ಟ್: ಹೊರೆ ಯಾರಿಗೆ?

ರಾಮನಗರ: ಬೇಸಿಗೆಯಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ಮಾಗಡಿ, ಕನಕಪುರ, ಚನ್ನಪಟ್ಟಣ ಸುತ್ತ ಟ್ರ್ಯಾಕ್ಟರ್‌ಗಳಿಗೆ ಬಿಡುವೇ ಇರಲ್ಲ. ಹದ ಆರೋದ್ರೊಳಗೆ ಉಳುಮೆ ಮುಗೀಬೇಕು. ಹೈಡ್ರಾಲಿಕ್ ಕೈಕೊಡೋದೂ ಇದೇ ಹೊತ್ತಲ್ಲಿ.

2024ರ ಏಪ್ರಿಲ್ 28ರಂದು ಪಕ್ಕದ ಬೆಂಗಳೂರಲ್ಲೇ 38.5 ಡಿಗ್ರಿ ದಾಖಲಾಗಿತ್ತು. ಆದರೆ ಬಿಸಿಲೊಂದೇ ಗಾಡಿ ಕೆಡಿಸಲ್ಲ. ಅದಕ್ಕೆ ಎಡೆಬಿಡದ ದುಡಿಮೆ ಸೇರಿದಾಗ ಎಣ್ಣೆ ಕಾದು ತೆಳುವಾಗುತ್ತೆ. ಪಂಪ್, ಸಿಲಿಂಡರ್ ಒಳಗೇ ಸೋರಿ ಒತ್ತಡ ಇಳಿಯುತ್ತೆ. ಬೆಳಗ್ಗೆ ಸಲೀಸಾಗಿ ಎದ್ದ ರೋಟಾವೇಟರ್ ಮಧ್ಯಾಹ್ನ ತಡವಾಗಿ ಏಳುತ್ತೆ, ಎತ್ತಿ ನಿಲ್ಲಿಸಿದ್ರೆ ತಾನೇ ಇಳಿಯುತ್ತೆ. ಎಣ್ಣೆ ಸುಮಾರು 82 ಡಿಗ್ರಿ ದಾಟಿದರೆ ಸೀಲ್‌ಗಳೂ ಹಾಳಾಗುತ್ತವೆ.

ಬಾಡಿಗೆ ಗಂಟೆ ಲೆಕ್ಕದಲ್ಲಾದರೆ, ಲಿಫ್ಟ್ ನಿಧಾನವಾದಷ್ಟೂ ರೈತನ ಖರ್ಚು ಏರುತ್ತೆ. ಸೀಲ್ ಹೋದರೆ ಮಾಲೀಕನ ದಿನದ ದುಡಿಮೆ ಹೋಗುತ್ತೆ. ಕೃಷಿ ಯಂತ್ರಧಾರೆ ಕೇಂದ್ರದ ಗಾಡಿಗೂ ಇದೇ ಪಾಡು.

ಪರಿಹಾರ ದುಬಾರಿಯಲ್ಲ. ಬೆಳಗ್ಗೆ, ಸಂಜೆ ಉಳುಮೆ; ಎಣ್ಣೆ ಮಟ್ಟ, ಫಿಲ್ಟರ್ ನೋಡಿಕೊಳ್ಳೋದು; ಕಂಪನಿ ಹೇಳಿದ ಗ್ರೇಡ್ ಎಣ್ಣೆಯನ್ನೇ ಹಾಕೋದು. ಅಗ್ಗದ ಲೂಸ್ ಎಣ್ಣೆ ಮಾರಿದ ಅಂಗಡಿಗೆ ಆ ದಿನದ ವ್ಯಾಪಾರ ಆಗಬಹುದು, ಗಿರಾಕಿ ಉಳಿಯಲ್ಲ.

ಎಲ್ಲಕ್ಕಿಂತ ಮುಖ್ಯ, ಎತ್ತಿದ ರೋಟಾವೇಟರ್ ಕೆಳಗೆ ಕೈ, ತಲೆ ಹಾಕೋದು ಬೇಡ. ಸೋತ ಲಿಫ್ಟ್ ಹೇಳಿ ಬೀಳಲ್ಲ.